ಹರಿಯದ ನೀರಿನಲ್ಲಿ

ಎರಡೂವರೆಯ ಬಸ್ಸಿಗೆ ಹಕೀಮ ಹೊರಡುತ್ತಾನೆಂದು ಗೊತ್ತಿದ್ದೂ ಸರ್ವೋತ್ತಮ ಹತ್ತು ಗಂಟೆಯಾದರೂ ಜಗಲಿಯ ಕನ್ನಡಿಯೆದುರು ಗಡ್ಡ ಹೆರೆಯುತ್ತ ನಿಂತಿದ್ದ. ಒಂದು ಕೆನ್ನೆ ಮುಗಿದಿತ್ತು. ಇನ್ನೊಂದು ಕೆನ್ನೆಯ ಸೋಪು ಒಣಗಿ ಚರ್ಮ ಬಿಗಿಯುತ್ತಿತ್ತು. ಹೋಗಿ ಹೇಳಬೇಕು. ಹೇಳುವುದಾದರೆ ಅವನು ಬಾಯಿ ತೆರೆಯುವ ಮೊದಲೇ ತಾನು ಹೇಳಿಬಿಡಬೇಕು. ಮೂರು ದಿನದಿಂದ ಮಾತನ್ನು ತಯಾರು ಮಾಡಿ ಇಟ್ಟುಕೊಂಡದ್ದಾಗಿದೆ: ಹಕೀಮಾ, ಭೋಪಾಲದಲ್ಲಿ ಸಾಲು ತಪ್ಪಿದ್ದು ನೀನಲ್ಲ, ನಾನು. ಅಷ್ಟೇ. ಪಂದ್ಯದ ದೋಣಿಯಲ್ಲಿ ಒಂದು ಮೊಣಕಾಲು ಊರಿ ಕುಳಿತು, ಒಂದೇ ಹುಟ್ಟಿನಿಂದ ಸಾವಿರ ಮೀಟರನ್ನು ಐದು ನಿಮಿಷದೊಳಗೆ ಮುಗಿಸುವ ಗಂಡಸಿಗೆ ಇಷ್ಟು ಹೇಳಲು ಎದೆಯಲ್ಲಿ ಉಸಿರಿಲ್ಲವೇ? ಥೂ, ಎಂದುಕೊಂಡ. ಕನ್ನಡಿಯಲ್ಲಿ ಅರ್ಧ ಮುಖ ಮಾತ್ರ ತನ್ನದೆಂದು ಕಾಣುತ್ತಿತ್ತು, ಉಳಿದರ್ಧ ಯಾರದೋ ಸುಣ್ಣ ಬಳಿದ ಗೋಡೆ. ಗಡ್ಡಕ್ಕೂ ಈ ಕೆಲಸಕ್ಕೂ ಏನೂ ಸಂಬಂಧವಿಲ್ಲವೆಂದೂ, ಗಡ್ಡ ಹೆರೆಯದೆಯೂ ಹೊಳೆ ದಾಟಬಹುದೆಂದೂ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

"ಎಂತ ಮಾರಾಯ, ಮದುಮಗನ ಹಾಗೆ ಒಂದು ಗಂಟೆಯಿಂದ ಕನ್ನಡಿ ಬಿಡುದಿಲ್ಲ?" ಚಾವಡಿಯಿಂದ ಅಪ್ಪ ಕಿಟ್ಟಣ್ಣ ರೈಗಳು ಕೂಗಿದರು. "ದೋಣಿ ಕಡವಿನ ಬ್ಯಾರಿಯ ಮಗ ಹೊರಡುದು ಇವತ್ತಲ್ವಾ? ಹೋಗಿ ಮುಖ ತೋರಿಸಿ ಬಾ. ನಿನ್ನೆ ಪಾಪ ಇಲ್ಲಿವರೆಗೆ ಬಂದು ಹೋದ."

ಬಂದು ಹೋದದ್ದು ಅವನಿಗೆ ಗೊತ್ತಿಲ್ಲವೇ? ನಿನ್ನೆ ನಾಲ್ಕು ಗಂಟೆಗೆ ಉಪ್ಪರಿಗೆಯ ಕಿಟಕಿಯಿಂದ ನೋಡಿದಾಗ ಹಕೀಮ ಗದ್ದೆಯ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದ. ಭುಜ ಅಷ್ಟು ಅಗಲ, ನಡಿಗೆ ಮಾತ್ರ ಇನ್ನೊಬ್ಬರ ಜಾಗದಲ್ಲಿ ನಡೆಯುವವನದು. ಸರ್ವೋತ್ತಮ ಹಿಂದಿನ ಮೆಟ್ಟಿಲಿಳಿದು, ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯೊಳಗೆ ನುಗ್ಗಿ ಬಾಗಿಲೆಳೆದುಕೊಂಡ. ಇಪ್ಪತ್ತನಾಲ್ಕು ವರ್ಷದವನು, ರಾಜ್ಯಕ್ಕೆ ಎರಡನೆಯವನು, ಪುತ್ತೂರಿನ ಕಾಲೇಜಿನಲ್ಲಿ ಶಾಲು ಹೊದೆಸಿಕೊಂಡವನು, ತೂಗುವ ಹಾಳೆಗಳ ನಡುವೆ ಬಗ್ಗಿ ನಿಂತು ಕೆಮ್ಮು ಬಾರದ ಹಾಗೆ ಬಾಯಿಗೆ ಲುಂಗಿ ತುರುಕಿಕೊಂಡಿದ್ದ. ಅಮ್ಮ ಅಂಗಳದಿಂದ ಎರಡು ಸಲ ಹೆಸರು ಹಿಡಿದು ಕರೆದಳು. ಹೊರಗೆ ಬಂದಾಗ ಕಣ್ಣು ಕೆಂಡದ ಹಾಗಾಗಿತ್ತು. "ಎಲ್ಲಿ ಸತ್ತಿದ್ದಿ ನೀನು?" ಎಂದಳು ಅಮ್ಮ. "ಅವರದ್ದು ಕ್ರಮ ಅಲ್ವಾ, ದೂರ ಹೋಗುವಾಗ ಮನೆಮನೆಗೆ ಹೋಗಿ, ಏನಾದ್ರೂ ತಪ್ಪಿದ್ರೆ ಮನಸ್ಸಲ್ಲಿ ಇಡ್ಬೇಡಿ, ಬಿಟ್ಟುಕೊಡಿ ಅಂತ ಕೇಳುದು. ಅಪ್ಪನ ಹತ್ರ ಕೇಳಿದ, ನನ್ನ ಹತ್ರ ಕೇಳಿದ. ನಿನ್ನ ಹತ್ರವೇ ಮುಖ್ಯ ಕೇಳ್ಲಿಕ್ಕೆ ಉಂಟಂತೆ." ಆ ರಾತ್ರಿ ಅನ್ನ ಸೇರಲಿಲ್ಲ. ತನ್ನ ಹತ್ತಿರ ಅವನು ಕೇಳುವುದೆಂದರೆ! ಕೇಳಬೇಕಾದವನು ಯಾರು, ಕೊಡಬೇಕಾದವನು ಯಾರು! ಅವನು ಕೇಳುವ ಮೊದಲು ಹೇಳಿಬಿಡಬೇಕು. ಕೇಳಿದ ಮೇಲೆ ಹೇಳಿದರೆ ಅದಕ್ಕೆ ಬೇರೆಯೇ ಬಣ್ಣ ಬರುತ್ತದೆ.

ಅಂಗಿ ಹಾಕಿಕೊಳ್ಳುವಾಗ ಜೇಬಿನಲ್ಲಿ ಕಾಗದ ಚರಪರ ಎಂದಿತು. ಕೋಚ್ ಯಜ್ಞೇಶ್ವರ ಬೆಂಗಳೂರಿನಿಂದ ಬರೆದದ್ದು, ಬಂದು ಐದು ದಿನವಾಗಿದೆ. ಓದಿ ಓದಿ ಮಡಿಕೆಯಲ್ಲಿ ಹರಿಯತೊಡಗಿದೆ. "ಹಕೀಮನನ್ನು ಒಂದು ವರ್ಷ ಹೊರಗಿಟ್ಟದ್ದು ನಿಮ್ಮ ಹೇಳಿಕೆಯ ಮೇಲೆಯೇ ಎಂಬುದು ನಿಮಗೆ ತಿಳಿದಿದೆ. ಕಮಿಟಿ ಡಿಸೆಂಬರ್ ಇಪ್ಪತ್ತೆಂಟಕ್ಕೆ ಮತ್ತೆ ಕೂಡುತ್ತದೆ. ಬೇರೆ ಏನಾದರೂ ನೆನಪಾದರೆ ಒಂದು ಸಾಲು ಬರೆದು ಕಳಿಸಿದರೆ ಸಾಕು. ಎಂಬತ್ತೆಂಟರ ರಾಷ್ಟ್ರೀಯ ಶಿಬಿರಕ್ಕೆ ನಮ್ಮ ರಾಜ್ಯದಿಂದ ಒಬ್ಬನಿಗೆ ಮಾತ್ರ ಜಾಗ." ಕೋಚ್ ಎಷ್ಟು ಹುಷಾರು ನೋಡಿ, ನೀವು ಸುಳ್ಳು ಹೇಳಿದ್ದೀರಿ ಎಂದು ಎಲ್ಲಿಯೂ ಬರೆದಿಲ್ಲ. 'ನೆನಪಾದರೆ' ಅಂತೆ. ಮರೆತವನಿಗಲ್ಲವೇ ನೆನಪಾಗುವುದು? ಒಂದು ಸಾಲು ಬರೆದರೆ ಹಕೀಮ ಶಿಬಿರಕ್ಕೆ ಹೋಗುತ್ತಾನೆ, ಅಲ್ಲಿಂದ ಹೊರದೇಶಕ್ಕೂ ಹೋದಾನು. ಬರೆಯದಿದ್ದರೆ ಇವತ್ತು ಎರಡೂವರೆಯ ಬಸ್ಸು ಹತ್ತಿ ಬೊಂಬಾಯಿಗೆ, ಬೊಂಬಾಯಿಯಿಂದ ದುಬೈಗೆ, ಅಲ್ಲಿ ಮಾವನ ಜೊತೆ ಸಿಮೆಂಟಿನ ಕೆಲಸಕ್ಕೆ. ಆ ಕೈ ಸಿಮೆಂಟು ಹೊರುವುದಕ್ಕೆ ಆದದ್ದಲ್ಲ. ಇದನ್ನು ಸರ್ವೋತ್ತಮನಷ್ಟು ಸರಿಯಾಗಿ ತಿಳಿದವರು ಈ ಭೂಮಿಯಲ್ಲಿ ಇನ್ನೊಬ್ಬರಿಲ್ಲ. ಆ ಕೈಯ ಹಿಂದೆ ಹಿಂದೆಯೇ ಅವನು ಇಡೀ ಸೀಸನ್ ಕಳೆದಿದ್ದ.

ಆಗಸ್ಟಿನಲ್ಲಿ ಬೆಂಗಳೂರಿನ ಆಯ್ಕೆ, ಹಕೀಮ ಮೊದಲು, ತಾನು ಎರಡನೆಯವನು. ಸೆಪ್ಟೆಂಬರಿನಲ್ಲಿ ಆಲಪ್ಪುಳ, ಹಕೀಮ ಮೊದಲು, ತಾನು ಎರಡನೆಯವನು. ಪೇಪರಿನವರು ಬರೆದರು: ಕುಮಾರಧಾರೆಯ ಜೋಡಿ. ಫೋಟೊದಲ್ಲಿ ಹಕೀಮನ ಕುತ್ತಿಗೆಯಲ್ಲಿ ಪದಕ, ತಾನು ಅವನ ಹೆಗಲಿನ ಮೇಲೆ ಕೈ ಹಾಕಿ ಹಲ್ಲು ಕಿಸಿದಿದ್ದ. ಕಡಬ ಪೇಟೆಯ ಹೋಟೆಲಿನಲ್ಲಿ ಯಾರೋ, "ನಿಮ್ಮ ಕಡವಿನ ಹುಡುಗ ಭಾರೀ ಜೋರಂತಲ್ಲ ಮಾರಾಯ್ರೆ, ನಿಮ್ಮನ್ನೇ ಹಿಂದೆ ಹಾಕ್ತಾನಂತೆ," ಎಂದು ನಕ್ಕರು. ಅವನೂ ನಕ್ಕ. ತಟ್ಟೆಯ ಬನ್ಸನ್ನು ಅರ್ಧಕ್ಕೇ ಬಿಟ್ಟು ಎದ್ದ. ಕ್ಯಾಂಪಿನಲ್ಲಿ ಹಕೀಮ ಅವನನ್ನು 'ಸರ್ವ' ಎಂದು ಕರೆಯುತ್ತಿದ್ದ, ಒಂದೇ ಬಾಲ್ದಿಯಲ್ಲಿ ಸ್ನಾನ, ಒಂದೇ ತಟ್ಟೆಯಿಂದ ಚಪಾತಿ. ಊರಿನ ಬಸ್ಸಿನಿಂದ ಇಳಿದ ಕೂಡಲೇ 'ಸಣ್ಣ ಧಣಿ'. ಎರಡರಲ್ಲಿ ಯಾವುದು ತನಗೆ ಇಷ್ಟವೆಂದು ತನ್ನನ್ನೇ ಕೇಳಿಕೊಂಡಾಗ ಸಿಕ್ಕಿದ ಉತ್ತರ ಅವನಿಗೆ ನಾಚಿಕೆ ತಂದಿತ್ತು.

ಕುದ್ರಡ್ಕ ಕಡವಿಗೆ ಇಳಿಯುವ ದಾರಿಯಲ್ಲಿ ರಬ್ಬರ್ ಕಾಯಿಗಳು ಕಾಲ ಕೆಳಗೆ ಪಟ್ಟೆಂದು ಒಡೆಯುತ್ತಿದ್ದವು. ಹೊಳೆಯ ಮೇಲಿನ ಮಂಜು ಹೋಗಿ ಬಿಸಿಲು ಬಂದಿತ್ತು. ದೋಣಿ ಆಚೆ ದಡದಲ್ಲಿತ್ತು. ಕೂಗು ಹಾಕಿದರೆ ದೋಣಿ ದಾಟಿಸುವ ಹಕೀಮನ ಅಪ್ಪ ಹಸನಬ್ಬ ಬರುತ್ತಾರೆ. ಕೂಗದೆ ನಿಂತ. ಹನ್ನೆರಡು ವರ್ಷದವನಿದ್ದಾಗ ಇದೇ ಕಲ್ಲಿನ ಮೇಲೆ ನಿಂತು ಹಟ ಹಿಡಿದಿದ್ದ, ನನಗೂ ಹುಟ್ಟು ಬೇಕು ಎಂದು. ಹಸನಬ್ಬ ನಗುತ್ತ ಕೊಟ್ಟಿದ್ದರು. "ದೋಣಿಯ ಮೂತಿಯನ್ನು ಮೇಲಕ್ಕೆ ಹಿಡಿಯಿರಿ, ಸಣ್ಣ ಧಣಿ, ನೀರು ಬರುವ ಕಡೆಗೆ. ಎದುರಿಗೆ ಕಾಣುವ ಜಾಗಕ್ಕೇ ನೇರ ಬಿಟ್ರೆ ಹೊಳೆ ನಿಮ್ಮನ್ನು ಉಪ್ಪಿನಂಗಡಿಗೆ ಮುಟ್ಟಿಸ್ತದೆ." ಈಚೆ ದಡದಿಂದ ಹೊರಟರೆ ನೀರು ಬರುವುದು ಎಡದಿಂದ. ಮೂತಿ ಎಡಕ್ಕೆ. ಬಲಗಡೆ ಹುಟ್ಟು ಹಾಕು, ಮೂತಿ ಎಡಕ್ಕೆ ಹಿಡಿ, ದೋಣಿ ನೇರ ಹೋಗಿ ಆಚೆ ಕಲ್ಲಿಗೆ ತಾಗುತ್ತದೆ. ಎಷ್ಟು ಸಾವಿರ ಸಲ ಹಾಕಿದನೋ! ಆದರೆ ಹೋಗುವಾಗ ಮಾತ್ರ. ಬರುವಾಗ ಹುಟ್ಟು ಹಕೀಮನ ಕೈಯಲ್ಲಿ, ಸರ್ವೋತ್ತಮ ನಡುವಿನ ಹಲಗೆಯ ಮೇಲೆ ಬೆವರು ಒರೆಸಿಕೊಳ್ಳುತ್ತ ಕುಳಿತಿರುತ್ತಿದ್ದ. ಹಾಗೆ ಯಾರೂ ಹೇಳಿರಲಿಲ್ಲ. ಧಣಿಗಳ ಮಗ ಆಟಕ್ಕೆ ಹುಟ್ಟು ಹಾಕಿ ದಣಿದ ಮೇಲೆ ಕಡವಿನವನ ಮಗ ಕರಕೊಂಡು ಬರಬೇಕಾದದ್ದೇ ಎಂದು ಮೂವರಿಗೂ ಅನ್ನಿಸಿತ್ತು, ಅಷ್ಟೇ. ಹಕೀಮ ಹೋಗುವುದನ್ನೂ ಕಲಿತ, ಬರುವುದನ್ನೂ ಕಲಿತ. ಸರ್ವೋತ್ತಮನ ಮೈಗೆ ಮಾತ್ರ ಒಂದೇ ಕಡೆ ಗೊತ್ತು.

ಭೋಪಾಲದ ಕೆರೆಗೆ ಹರಿವೇ ಇರಲಿಲ್ಲ. ಅಕ್ಟೋಬರ್ ಕೊನೆಯ ವಾರದ ಬಿಸಿಲು ನೀರಿನ ಮೇಲೆ ತಗಡಿನ ಹಾಗೆ ಹೊಳೆಯುತ್ತಿತ್ತು. ಬಲಕ್ಕೆ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ತಿರುಗುತ್ತದೆ, ಅದಕ್ಕೆ ಪ್ರತಿ ಎಳೆತದ ಕೊನೆಯಲ್ಲಿ ಮಣಿಕಟ್ಟನ್ನು ಒಂದಿಷ್ಟು ಹೊರಳಿಸಿ ನೇರ ಮಾಡಬೇಕು. ಮೂರು ವರ್ಷ ಯಜ್ಞೇಶ್ವರ ಇದನ್ನೇ ಅರೆದು ಕುಡಿಸಿದ್ದರು. ಏಳುನೂರು ಮೀಟರಿನವರೆಗೆ ಕೈ ಮರೆಯಲಿಲ್ಲ. ಎಡಗಡೆಯ ಸಾಲಿನಲ್ಲಿ ಹಕೀಮ, ಅರ್ಧ ದೋಣಿ ಮುಂದೆ. ಅವನ ಬೆನ್ನಿನ ಬೆವರು, ಹುಟ್ಟು ನೀರಿನಿಂದೇಳುವ ಸದ್ದು, ಅದೇ ಕಡವಿನ ಸದ್ದು. ಇನ್ನು ಇವನನ್ನು ಹಿಡಿಯಲಾರೆ ಎಂದು ಎದೆ ಹೇಳಿದ ಕ್ಷಣ ಮೈ ತನಗೆ ಗೊತ್ತಿದ್ದ ಹಳೆಯ ಕೆಲಸಕ್ಕೆ ಹೋಯಿತು. ಇಲ್ಲದ ಹರಿವಿಗೆ ಮೂತಿ ಕೊಟ್ಟಿತು. ಮೂತಿ ಎಡಕ್ಕೆ ಜಾರುವುದನ್ನು ಅವನು ಕಂಡ. ಕಂಡದ್ದು ಹೌದು, ಈ ಒಂದು ಮಾತಿನಲ್ಲಿ ತನಗೆ ತಾನು ಮೋಸಮಾಡಿಕೊಳ್ಳುವ ಹಾಗಿಲ್ಲ. ಎರಡು ಎಳೆತ, ಮೂರು ಎಳೆತ, ಸರಿ ಮಾಡಲು ಹೊತ್ತಿತ್ತು, ಮಾಡಲಿಲ್ಲ. ಅವನ ಮೂತಿ ಹಕೀಮನ ದೋಣಿಯ ಹಿಂಭಾಗಕ್ಕೆ ತಾಗಿತು, ಇಷ್ಟೇ ಇಷ್ಟು. ಹಕೀಮ ನೀರಿಗೆ ಬಿದ್ದ. ಸರ್ವೋತ್ತಮ ಮುಂದೆ ಹೋದ. ಮೂರನೆಯವನಾಗಿ ಮುಟ್ಟಿದ, ಕಂಚು. ಹಿಂದೆ ಬರುತ್ತಿದ್ದ ಅಂಪೈರಿನ ಮೋಟಾರು ದೋಣಿಗೆ ಬಿಸಿಲ ಝಳದಲ್ಲಿ ಏನೂ ಕಂಡಿರಲಿಲ್ಲ.

ಶಾಮಿಯಾನದ ಕೆಳಗೆ ಮೂವರು ಕುಳಿತು ವಿಚಾರಿಸಿದರು, ಇಂಗ್ಲಿಷಿನಲ್ಲಿ. ಹಕೀಮನಿಗೆ ಇಂಗ್ಲಿಷ್ ಬಾರದು, ಹಿಂದಿಯೂ ಅಷ್ಟಕ್ಕಷ್ಟೇ. ಯಜ್ಞೇಶ್ವರ ಇನ್ನೊಂದು ಸ್ಪರ್ಧೆಯ ದಡದಲ್ಲಿದ್ದರು. ಹಕೀಮನ ಪರವಾಗಿ ಮಾತಾಡಲು ಇದ್ದವನು ಬಿ.ಕಾಂ. ಪಾಸಾದ ಸರ್ವೋತ್ತಮನೊಬ್ಬನೇ. ಇವನು ಸಾಲು ಬಿಟ್ಟನೇ, ಕೇಳಿ ಹೇಳು, ಎಂದರು. ಹಕೀಮ ತಲೆಗೆ ಟವೆಲು ಹಾಕಿಕೊಂಡು ನಡುಗುತ್ತಿದ್ದ. "ನಂಗೆ ಎಂತದೂ ಗೊತ್ತಾಗ್ಲಿಲ್ಲ, ಸರ್ವ. ಎದುರು ಮಾತ್ರ ನೋಡ್ತಿದ್ದೆ. ಹಿಂದಿಂದ ನಿಂಗೆ ಕಂಡಿರ್ಬೇಕು. ನೀನು ಎಂತ ಕಂಡಿದ್ದಿಯೋ ಅದನ್ನೇ ಹೇಳು," ಎಂದ. ಸರ್ವೋತ್ತಮ ಆ ಮೂವರ ಕಡೆ ತಿರುಗಿ, ತನ್ನಿಂದಲೇ ತಪ್ಪಾಯಿತು ಎಂದು ಒಪ್ಪುತ್ತಾನೆ, ಎಂದ. ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಹಕೀಮ, "ಎಂತ ಹೇಳಿದೆ?" ಎಂದು ಕೇಳಿದಾಗ, "ಗಾಳಿಗೆ ನಿನ್ನ ಮೂತಿ ಬಲಕ್ಕೆ ಬಂತು ಅಂತ," ಎಂದ. ಹಕೀಮ ಟವೆಲಿನಿಂದ ಮುಖ ಒರೆಸಿ, "ಹೌದಿರ್ಬೇಕು. ನಮ್ಮ ದಡದಿಂದ ಹೊರಟ್ರೆ ಮೂತಿ ಬಲಕ್ಕೇ ಅಲ್ವಾ ಹಿಡಿಯುದು. ಅಭ್ಯಾಸ ಬಿಡ್ಲಿಲ್ಲ ಕಾಣ್ತದೆ," ಎಂದ. ಎರಡು ದಿನದ ರೈಲಿನಲ್ಲಿ ಮೇಲಿನ ಬರ್ತಿನಿಂದ ಅವನ ಕೈ ಕೆಳಗೆ ಜೋತುಬಿದ್ದು ತೂಗುತ್ತಿತ್ತು, ಮುಖದೆದುರೇ. ಸರ್ವೋತ್ತಮ ಗೋಡೆ ಕಡೆ ಹೊರಳಿ ಮಲಗಿ ನಾಗಪುರ ದಾಟಿದ.

"ಎಷ್ಟು ಹೊತ್ತು ಹೀಗೆ ನಿಂತು ಆಯ್ತು? ಒಂದು ಕೂಗು ಹಾಕ್ಲಿಕ್ಕೆ ಎಂತ ದಾಡಿ?"

ಹಸನಬ್ಬ ಕರೆಯದೆಯೇ ದೋಣಿ ತಂದಿದ್ದರು. ತಲೆಗೆ ಸುತ್ತಿದ ಬೈರಾಸು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿ, ಅರುವತ್ತು ದಾಟಿದರೂ ನೀರಿಗೆ ಇಳಿದು ದೋಣಿಯನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲಿಸುವ ಗಟ್ಟಿ ಮನುಷ್ಯ. ಭೂಸುಧಾರಣೆಯ ಕಾಲದಲ್ಲಿ ಒಕ್ಕಲುಗಳೆಲ್ಲರೂ ಸರಕಾರಕ್ಕೆ ಡಿಕ್ಲರೇಶನ್ ಕೊಟ್ಟು ಧಣಿಗಳ ಜಾಗ ತಮ್ಮದು ಮಾಡಿಕೊಂಡಾಗ ಮನೆಯಡಿಯ ಹತ್ತು ಸೆಂಟ್ಸಿಗೂ ಕೊಡದೆ, ಧಣಿಗಳು ಏಳಿ ಅನ್ನಲಿಕ್ಕಿಲ್ಲ ಎಂದು ಕುಳಿತವರು. ಅಪ್ಪ ಇದನ್ನು ಬಂದವರಿಗೆಲ್ಲ ಹೇಳಿ ಸಂತೋಷಪಡುತ್ತಾರೆ. ಸರ್ವೋತ್ತಮ ನಡುವಿನ ಹಲಗೆಯ ಮೇಲೆ ಕುಳಿತ. ಹುಟ್ಟು ಕೇಳಬೇಕೆಂದು ಕೈ ಮುಂದಾಯಿತು, ಕೇಳಲಿಲ್ಲ.

ನಡು ಹೊಳೆಗೆ ಬಂದಾಗ ಹಸನಬ್ಬ, "ಆ ಕೆರೆಯಲ್ಲಿ ನೀರು ಹರಿಯುದೇ ಇಲ್ವಂತೆ, ಹೌದಾ?" ಎಂದರು.

"ಇಲ್ಲ ಬ್ಯಾರಿಗಳೇ. ನಿಂತ ನೀರು."

"ಮತ್ತೆ ನಮ್ಮವನು ನಿಮ್ಮ ಯಾವ ಮಗ್ಗುಲಿಗೆ ಇದ್ದದ್ದು?"

ಈ ಪ್ರಶ್ನೆಯನ್ನು ಎರಡು ತಿಂಗಳಿಂದ ಯಾರೂ ಕೇಳಿರಲಿಲ್ಲ, ಕಮಿಟಿಯೂ ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆದರೆ ಹಕೀಮನನ್ನೇ ಕೇಳಿದರೆ ಗೊತ್ತಾಗುವ ಸಂಗತಿ, ಬಹುಶಃ ಕೇಳಿಯೇ ಆಗಿದೆ. "ಎಡಕ್ಕೆ," ಎಂದ.

ಯಾರ ಮೂತಿ ಎಡಕ್ಕೇ ಜಾರುತ್ತದೆಂದು ಹುಟ್ಟು ಹಿಡಿಸಿ ಕಲಿಸಿದ ಹಸನಬ್ಬನಿಗೆ ಬೇರೆ ಹೇಳಬೇಕಾಗಿರಲಿಲ್ಲ. ಹುಟ್ಟು ಏಳುವುದು, ಬೀಳುವುದು. ಹನಿಗಳು ಸಾಲಾಗಿ ನೀರಿಗೆ ಬೀಳುವುದು. ಈಗ ಹೇಳಿಬಿಡಲೇ? ಹೊಳೆಯ ನಡುವೆ ಇಬ್ಬರೇ ಇದ್ದೇವೆ, ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ? ಆದರೆ ಮೊದಲು ಹಕೀಮನಿಗೇ ಹೇಳಬೇಕು, ಅವನ ಅಪ್ಪನಿಗೆ ಹೇಳುವುದು ಕ್ರಮವಲ್ಲ, ಎಂದು ಮನಸ್ಸು ತಕ್ಷಣ ಒಂದು ನ್ಯಾಯ ಹುಡುಕಿಕೊಂಡಿತು. ಇಂಥ ನ್ಯಾಯ ಹುಡುಕುವುದರಲ್ಲಿ ಅದು ಎಂಥ ಚುರುಕು! ಹಸನಬ್ಬನ ಬೆನ್ನು ನೋಡುತ್ತ, ಈ ಮುದುಕ ಯಾಕೆ ಬಯ್ಯುವುದಿಲ್ಲ, ಒಂದು ಸಲ ನಾಯಿಯ ಹಾಗೆ ಬೈದರೆ ಬಾಯಿ ತಾನಾಗಿ ಬಿಟ್ಟುಕೊಳ್ಳುತ್ತಿತ್ತಲ್ಲ ಎಂದು ಅವನಿಗೆ ಸಿಟ್ಟೇ ಬಂತು.

ದಡ ಹತ್ತಿ ನಾಲ್ಕು ಹೆಜ್ಜೆಗೆ ಮನೆ. ಅಂಗಳದ ತುಂಬ ನೆಂಟರು. ಹೊಸ ಬ್ಯಾಗಿನ ಜಿಪ್ಪು ಆಗಲೇ ಹೋಗಿ ಹಗ್ಗ ಕಟ್ಟಿದ್ದರು. ಹಕೀಮನ ತಾಯಿ ಸಫಿಯಮ್ಮ ಬಾಗಿಲ ಮರೆಯಲ್ಲಿ ನಿಂತು, "ಸಣ್ಣ ಧಣಿ ಬಂದ್ರು, ಕುರ್ಚಿ ಕೊಡಿ," ಎಂದಳು. ಅತ್ತು ಅತ್ತು ಸ್ವರ ಬಿದ್ದುಹೋಗಿತ್ತು. ಯಾರೋ ಕುರ್ಚಿ ತಂದು ಬೈರಾಸಿನಿಂದ ಒರೆಸಿದರು. ಅವನು ಕುಳಿತುಕೊಳ್ಳಲಿಲ್ಲ. ಕುಳಿತರೆ ಚಾ ಬರುತ್ತದೆ, ಚಾ ಕುಡಿದರೆ ಮಾತು ಹೋಗುತ್ತದೆ. ಹಕೀಮ ಒಳಗಿನಿಂದ ಬಂದ. ಇಸ್ತ್ರಿ ಮಾಡಿದ ಪ್ಯಾಂಟು, ಉದ್ದ ತೋಳಿನ ಅಂಗಿ, ಗುಂಡಿ ಕುತ್ತಿಗೆಯವರೆಗೂ ಹಾಕಿದ್ದ. ಆ ಅಂಗಿಯೊಳಗೆ ಭುಜಗಳು ಎಲ್ಲೋ ಕಳೆದುಹೋಗಿದ್ದವು.

"ಬಂದ್ರಾ! ನೀವು ಬರುದಿಲ್ಲ ಅಂತ ಮಾಡಿದ್ದೆ ನಾನು," ಎಂದು ಅಂಗಳಕ್ಕೆ ಇಳಿದ.

"ಹಕೀಮಾ," ಎಂದ ಸರ್ವೋತ್ತಮ. ಹೊರಟಿತು, ದೇವರ ದಯೆ, ಹೊರಟಿತು. "ಭೋಪಾಲದಲ್ಲಿ..."

"ಅದೇ, ಅದೇ!" ಹಕೀಮ ಅವನ ಎರಡೂ ಕೈ ಹಿಡಿದುಕೊಂಡ. "ನಾನು ಹೇಳ್ಬೇಕು ಅಂತ ಇದ್ದದ್ದೂ ಅದನ್ನೇ. ನೀವೇ ತೆಗೆದ್ರಿ, ಒಳ್ಳೇದಾಯ್ತು. ನಿನ್ನೆ ನಿಮ್ಮಲ್ಲಿಗೆ ಬಂದದ್ದೂ ಅದಕ್ಕೇ. ಅವತ್ತು ನಾನು ಅಡ್ಡ ಬಾರದಿದ್ರೆ ನಿಮಗೆ ಚಿನ್ನ ಇತ್ತು. ಕೊನೆಗೆ ನೀವು ಎಳೆದದ್ದು ನಂಗೆ ಬೆನ್ನಿಗೇ ಕೇಳ್ತಿತ್ತು, ಎಂತ ಎಳೆತ ಅದು! ನಾನು ಬೇಕಂತ ಮಾಡಿದ್ದಲ್ಲ. ನಂಗೆ ಗೊತ್ತೇ ಆಗ್ಲಿಲ್ಲ. ಆದ್ರೂ ತಪ್ಪು ತಪ್ಪೇ. ಅಷ್ಟು ದೂರ ಹೋಗುದು, ಪುನಃ ಕಾಣ್ಲಿಕ್ಕೆ ಸಿಗ್ತೇವೋ ಇಲ್ವೋ. ಅದೊಂದು ಮನಸ್ಸಲ್ಲಿ ಇಡ್ಬೇಡಿ. ಬಿಟ್ಟಿದ್ದೇನೆ ಅಂತ ಒಂದು ಮಾತು ಹೇಳಿ. ಹೇಳದಿದ್ರೆ ಅಲ್ಲಿ ಹೋಗಿ ನಂಗೆ ನಿದ್ದೆ ಬರುದಿಲ್ಲ."

ನೆಂಟರು, ನೆರೆಯವರು, ಬಾಗಿಲ ಸಂದಿನಲ್ಲಿ ಹೆಂಗಸರು, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಹುಟ್ಟು ಹಿಡಿದು ಎದ್ದ ಹಕೀಮನ ಅಂಗೈಯ ದಡ್ಡು ಅವನ ಅಂಗೈಯ ದಡ್ಡಿಗೆ ಒತ್ತಿತ್ತು, ಒಂದೇ ಜಾಗದ ದಡ್ಡು ಇಬ್ಬರಿಗೂ. ಇಲ್ಲ, ಸಾಲು ತಪ್ಪಿದ್ದು ನೀನಲ್ಲ ಎನ್ನಬೇಕು. ಈಗಲೂ ಎನ್ನಬಹುದು. ಅಂದರೆ ಈ ಹಗ್ಗ ಕಟ್ಟಿದ ಬ್ಯಾಗು ಬಿಚ್ಚಬೇಕು, ಎರಡೂವರೆಯ ಬಸ್ಸು ಹೋಗಲಿ ಎನ್ನಬೇಕು, ಇಷ್ಟು ಜನರೆದುರು ರೈಗಳ ಮಗ ಎರಡು ತಿಂಗಳು ಹೇಗೆ ಬದುಕಿದ ಎಂದು ಗೊತ್ತಾಗಬೇಕು, ನಾಳೆ ಕಡಬದ ಹೋಟೆಲಿನಲ್ಲಿ, ನಾಡಿದ್ದು ಪುತ್ತೂರಿನಲ್ಲಿ. ಶಿಬಿರ ಹೋಗಲಿ, ಹಾಳಾಗಿ ಹೋಗಲಿ, ಅದಕ್ಕಲ್ಲ ಎಂದುಕೊಂಡ. ಅದಕ್ಕೂ ಹೌದು. ಹಕೀಮನ ಕಣ್ಣಿನಲ್ಲಿ ನೀರಿತ್ತು. ಇಷ್ಟು ನಂಬುವ ಹಕ್ಕು ಇವನಿಗೆ ಯಾರು ಕೊಟ್ಟರು?

"ಇಲ್ಲ ಮಾರಾಯ," ಎಂದು ಅವನ ಬಾಯಿ ಹೇಳಿತು. "ನನ್ನ ಮನಸ್ಸಲ್ಲಿ ಎಂತದೂ ಇಲ್ಲ. ಬಿಟ್ಟಿದ್ದೇನೆ. ನೀನು ಸುಖದಲ್ಲಿ ಹೋಗಿ ಬಾ."

ಹಕೀಮ ಅವನನ್ನು ತಬ್ಬಿಕೊಂಡ. ಬಾಗಿಲಲ್ಲಿ ಸಫಿಯಮ್ಮ ಮತ್ತೆ ಅತ್ತಳು, ಈ ಸಲದ ಅಳು ಬೇರೆಯಾಗಿತ್ತು. ಅಂಗಳದಲ್ಲಿ ಒಬ್ಬಿಬ್ಬರು, "ದೊಡ್ಡ ಮನಸ್ಸು," ಎಂದರು. ಸರ್ವೋತ್ತಮ ಹಕೀಮನ ಬೆನ್ನು ತಟ್ಟಿದ, ಎರಡು ಸಲ. ಎದೆ ಹಗುರಾಯಿತು. ನಿಜವಾಗಿಯೂ ಹಗುರಾಯಿತು, ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಸಿಯಿತು ಕೂಡ, ಮತ್ತು ಹಾಗೆ ಹಗುರಾದದ್ದಕ್ಕೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ದೋಣಿ ಕಟ್ಟಿ ಮೇಲೆ ಬಂದ ಹಸನಬ್ಬ ಅಂಗಳದ ಕೊನೆಯಲ್ಲಿ ನಿಂತು ಎಲ್ಲ ನೋಡಿದ್ದರು. ಈಗ ಜನರ ನಡುವಿನಿಂದ ಹತ್ತಿರ ಬಂದು ತಲೆಯ ಬೈರಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

"ಹಾಗಾದ್ರೆ ನನ್ನದೂ ಒಂದು ಉಂಟು, ಸಣ್ಣ ಧಣಿ," ಎಂದರು. "ಎರಡು ತಿಂಗಳಿಂದ ನಾನು ನಿಮ್ಮ ಮೇಲೆ ಬೇರೆ ಎಂತದೋ ಮನಸ್ಸಲ್ಲಿ ಇಟ್ಕೊಂಡಿದ್ದೆ. ಕಡವಿನವನ ಮಂಡೆ, ಎಡ ಬಲ ಲೆಕ್ಕ ಹಾಕ್ತದೆ. ಈಗ ನೀವು ಇಷ್ಟು ಜನರ ಎದುರು ನನ್ನ ಮಗನ ತಪ್ಪು ಬಿಟ್ಟುಕೊಟ್ರಿ. ಅವನದ್ದು ತಪ್ಪಿಲ್ಲದಿದ್ರೆ ನೀವು ಬಿಟ್ಟುಕೊಡ್ಲಿಕ್ಕೆ ಉಂಟಾ? ಹಾಗಾದ್ರೆ ನಾನು ನೆನೆಸಿದ್ದೇ ಪಾಪ. ನನಗೂ ಬಿಟ್ಟುಕೊಡಿ."

ಇಷ್ಟು ವರ್ಷದಲ್ಲಿ ಅವರು ಅವನ ಮುಖವನ್ನು ನೇರ ನೋಡಿ ಮಾತಾಡಿದ್ದು ಅವನಿಗೆ ನೆನಪಿಲ್ಲ. ಈಗ ನೋಡುತ್ತಿದ್ದರು. ಅವಸರವಿರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು.

"ಆಯ್ತು ಬ್ಯಾರಿಗಳೇ," ಎಂದ ಸರ್ವೋತ್ತಮ. "ನಿಮ್ಮದನ್ನೂ ಬಿಟ್ಟೆ."